ಮೂರನೇ ಸಾಕ್ಷಿಯ ಒಂದು ವಾಕ್ಯ

ಮಂಡ್ಯದ ಕೋರ್ಟಿನಲ್ಲಿ ನಾನಾಗ ಬೆರಳಚ್ಚಿನವಳು.
ಸಾಕ್ಷಿ ಹೇಳುವುದು ಕನ್ನಡ, ಹಾಳೆಗೆ ಇಳಿಯುವುದು ಇಂಗ್ಲಿಷು.
ನಡುವಿನ ಅರ್ಧ ಉಸಿರಿನಷ್ಟು ಜಾಗ ನನ್ನದು.
ಸಂಬಳ ಅದಕ್ಕೇ.

ಕಾರ್ಖಾನೆ ಕಬ್ಬು ಅರೆಯುವ ಕಾಲ.
ಕಾಕಂಬಿಯ ಹುಳಿವಾಸನೆ ಕಿಟಕಿ ದಾಟಿ ಬಂದು
ಕಾರ್ಬನ್ ಹಾಳೆಗೂ ಹತ್ತುತ್ತಿತ್ತು.
ಕಟಕಟೆಯಲ್ಲಿ ಕೆಂಪಾಜಮ್ಮ, ನಾಲೆ ಬಯಲಿನವಳು,
ಸೆರಗಿನ ತುದಿಯಲ್ಲಿ ಬಸ್ ಚಿಲ್ಲರೆಯ ಗಂಟು.

"ಅವ್ನು ತೂಬು ತಿರುಗುಸ್ತಾ ಅವ್ನೆ,
ನಮ್ ಮೈದ ತೂಬಿನ ಬಾಯಲ್ಲಿ ಕಾಲ್ ತೊಳೀತಾ ಅವ್ನೆ,
ನಾನು ಏರಿ ಮ್ಯಾಲಿಂದ ಕೂಗ್ತಾ ಇವ್ನಿ,
ನೋಡ್ತಾ ನೋಡ್ತಾ ಹೊಂಟೋದ ಕನ್ ಸಾಮಿ."

ನಾಲ್ಕು ಕೆಲಸ, ಒಂದೇ ಉಸಿರು.
ನಮ್ಮ ಭಾಷೆಗೆ ಇದೇನು ಭಾರವಲ್ಲ.
ಒಂದು 'ತಾ' ಹಚ್ಚಿದರಾಯಿತು,
ಉಣ್ಣುತ್ತಾ ಬೈಯಬಹುದು, ಬೈಯುತ್ತಾ ಬಡಿಸಬಹುದು,
ಯಾವುದು ಮೊದಲು ಎಂದು ಯಾರೂ ಕೇಳುವುದಿಲ್ಲ.
ಇಂಗ್ಲಿಷು ಕೇಳುತ್ತದೆ.
ಚೆಕ್‌ಪೋಸ್ಟಿನ ಪೇದೆಯ ಹಾಗೆ ಪ್ರತಿ ಕ್ರಿಯಾಪದವನ್ನೂ ನಿಲ್ಲಿಸಿ
ಎಷ್ಟು ಹೊತ್ತಿಗೆ ಹೊರಟೆ, ಇನ್ನೂ ಹೋಗುತ್ತಿದ್ದೀಯಾ, ತಲುಪಿದೆಯಾ ಎನ್ನುತ್ತದೆ.

ಮದ್ದೂರಿನ ಹೈಸ್ಕೂಲಲ್ಲಿ ಗ್ರೇಸಿ ಮೇಡಂ ಹೇಳಿಕೊಟ್ಟಿದ್ದರು:
ವೈಲ್ ಅಂದರೆ ದಾರ, ಬಿಚ್ಚುತ್ತಲೇ ಇರುತ್ತದೆ.
ವೆನ್ ಅಂದರೆ ಕತ್ತರಿ.
ದಾರಕ್ಕೆ ವಾಸ್ ಮತ್ತು ಇಂಗ್, ಕತ್ತರಿಗೆ ಬರೀ ಭೂತಕಾಲ,
ಎರಡೂ ದಾರವಾದರೆ ಎರಡಕ್ಕೂ ಇಂಗ್.
ನಾನು ಸ್ನಾನ ಮಾಡುತ್ತಿದ್ದಾಗ ಫೋನು ಹೊಡೆಯಿತು.
ನಮ್ಮಲ್ಲಿ ಯಾರ ಮನೆಯಲ್ಲೂ ಫೋನಿರಲಿಲ್ಲ,
ಆದರೂ ಮೂವತ್ತೆಂಟು ಹುಡುಗಿಯರು ಒಟ್ಟಿಗೆ ಸ್ನಾನ ಮಾಡಿದೆವು,
ಮೂವತ್ತೆಂಟು ಸಲ ಫೋನು ಹೊಡೆಯಿತು.

ಈಗ ಯಾವುದು ದಾರ, ಯಾವುದು ಕತ್ತರಿ?
ಅವನು ತಿರುಗಿಸುತ್ತಿದ್ದಾಗ ಇವನು ಬಿದ್ದನೋ,
ತಿರುಗಿಸಿದಾಗ ಬಿದ್ದನೋ,
ತಿರುಗಿಸುವ ಹೊತ್ತಿಗೆ ಬಿದ್ದೇ ಆಗಿತ್ತೋ?
ವಕೀಲರ ಲೆಕ್ಕದಲ್ಲಿ ಮೊದಲನೆಯದು ಅಚಾತುರ್ಯ,
ಎರಡನೆಯದು ಕೊಲೆ.
ಮೂರನೆಯದರಲ್ಲಿ, ಒಂದು 'ಹ್ಯಾಡ್' ಸಿಕ್ಕಿದರೆ,
ಮನುಷ್ಯ ಸಂಜೆ ಬಸ್ಸಿಗೆ ಮನೆಗೆ ಹೋಗುತ್ತಾನೆ.

ನಾನು ಎಡವಿದ್ದು ಅಲ್ಲಲ್ಲ, 'ನೋಡ್ತಾ ನೋಡ್ತಾ' ಎಂಬಲ್ಲಿ.
'ವೈಲ್ ಐ ವಾಸ್ ವಾಚಿಂಗ್' ಎಂದು ಬಡಿದುಬಿಟ್ಟೆ.
ಸಾಹೇಬರು ಓದಿದರು, ಎದುರು ವಕೀಲರು ಕೋಟು ಎಳೆದುಕೊಂಡು ಎದ್ದರು.
"ನೋಡುತ್ತಾ ನಿಂತಿದ್ದೆಯಾ? ಹಾಗಾದರೆ ಇಳಿದು ಹಿಡಿಯಲಿಲ್ಲ ಏಕೆ?"
ಕೆಂಪಾಜಮ್ಮ ನನ್ನ ಕಡೆ ನೋಡಿದಳು.
ಅವಳು ಹೇಳಿದ್ದು ಒಂದು ರೆಪ್ಪೆಯಷ್ಟು ಹೊತ್ತು.
ನಾನು ಅವಳಿಗೆ ಎರಡು ಕಣ್ಣು, ನಿಲ್ಲಲು ಜಾಗ,
ಬೇಕಾದಷ್ಟು ಸಮಯ ಕೊಟ್ಟಿದ್ದೆ.

"ತಪ್ಪು ನನ್ನದು ಸರ್" ಎಂದೆ. ರಬ್ಬರು ತೆಗೆದೆ.
ಮೇಲಿನ ಹಾಳೆ, ಕೆಳಗೆ ಮೂರು ಪ್ರತಿ, ಒಂದೊಂದನ್ನೂ ಉಜ್ಜಬೇಕು.
ಅಳಿಸಿದ ಜಾಗ ಬಿಳಿಯಾಗಲಿಲ್ಲ.
ಅದರ ಮೇಲೇ 'ಇನ್ ಎ ಮೊಮೆಂಟ್' ಎಂದು ಬಡಿದೆ.
ಉಳಿದ ಮೂವರಿಗೂ ವಾಸ್ ಮತ್ತು ಇಂಗ್ ಹಂಚಿದೆ,
ಮೂರೂ ದಾರವಾಗಿರಲಿ,
ಕತ್ತರಿಸುವವರು ಬೇರೆ ಇದ್ದಾರಲ್ಲ.

ಆಮೇಲೆ ನಿಯಮದಂತೆ ಓದಿ ಹೇಳಿದೆ, ವಾಪಸು ಕನ್ನಡಕ್ಕೆ:
ಅವನು ತೂಬು ತಿರುಗಿಸುತ್ತಿದ್ದ.
ಮೈದುನ ಕಾಲು ತೊಳೆಯುತ್ತಿದ್ದ.
ನಾನು ಕೂಗುತ್ತಿದ್ದೆ.

ಹೆಬ್ಬೆಟ್ಟಿಗೆ ಶಾಯಿ ಹಚ್ಚಿಸಿಕೊಂಡಿದ್ದವಳು
ಹಾಳೆಯಿಂದ ಒಂದಂಗುಲ ಮೇಲೆ ಕೈ ನಿಲ್ಲಿಸಿದಳು.
"ಇದ್ದೆ ಅಲ್ಲ ಕನವ್ವ. ಇವ್ನಿ."

ಎರಡು ವರ್ಷ ಆಗಿತ್ತು.
ಸಾಹೇಬರು ಗಡಿಯಾರ ನೋಡುತ್ತಿದ್ದರು,
ಜವಾನ ಮುಂದಿನ ಹೆಸರು ಕರೆಯುತ್ತಿದ್ದ,
ನಾನು ಏನೋ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ.
ಕಾರ್ಖಾನೆ ಸೈರನ್ ಹೊಡೆಯಿತು.

ಹೆಬ್ಬೆಟ್ಟು ಒತ್ತಿದಳು, ಸ್ವಲ್ಪ ಓರೆಗೆ.
'ವಾಸ್' ಅರ್ಧ ಮುಚ್ಚಿಹೋಯಿತು.
ಕಾರ್ಬನ್ ಪ್ರತಿಗಳಲ್ಲಿ ಅದು ಈಗಲೂ ಪೂರ್ತಿ ಇರಬೇಕು.